ಸೀಸೆಗೂ ಒಂದು ದೃಷ್ಟಿಬೊಟ್ಟು

ಸಂಡೂರಿನ ನಮ್ಮ ಮನೆಯಲ್ಲಿ ಬೆಳಿಗ್ಗೆ ಒರೆಸಿದ ಕಟ್ಟೆ ಮಧ್ಯಾಹ್ನಕ್ಕೆ ಮತ್ತೆ ಕೆಂಪಾಗಿರುತ್ತದೆ. ಎಲ್ಲ ಕಬ್ಬಿಣದ ಗಣಿಯ ಧೂಳು. ಹೀಗಿರುವಾಗ ಹೊಸಪೇಟೆಯ ಮಕ್ಕಳ ಡಾಕ್ಟರು ನನ್ನ ಮಗಳಿಗೆ ಕಬ್ಬಿಣ, ಸತು ಇರುವ ಹನಿಔಷಧಿ ಬರೆದುಕೊಟ್ಟರೆ ನಮ್ಮತ್ತೆ ಸುಮ್ಮನಿರುತ್ತಾರೆಯೇ?

"ಸಂಡೂರಿನ ಕೂಸಿಗೆ ಕಬ್ಬಿಣ ಕಮ್ಮಿ ಅಂತ! ಕಸಬರಿಗಿ ಹಿಡದ್ರ ಬುಟ್ಟಿಗಟ್ಟಲೆ ಸಿಗತೈತಿ."

ನನಗೆ ನಗು ಬರಲಿಲ್ಲ. ಮೇಲಿಂದ ಮೇಲೆ ಭೇದಿಯಾಗಿ ಕೂಸು ಬರೀ ಎಲುಬು ತೊಗಲಾಗಿತ್ತು. ಮುಂದಿನ ಸಲ ಅಂಗನವಾಡಿಯಲ್ಲಿ ತೂಗಿದಾಗ ತೂಕ ಏರದಿದ್ದರೆ ಆಸ್ಪತ್ರೆಗೆ ಸೇರಿಸಲೇಬೇಕು ಎಂದಿದ್ದರು ಡಾಕ್ಟರು. ಹನಿಯೊಂದನ್ನೇ ನಂಬಬೇಡಿ, ಬೇಳೆ, ತುಪ್ಪ ಹಾಕಿ ಮೆತ್ತನೆ ಅನ್ನ ತಿನ್ನಿಸಿ ಎಂದೂ ಹೇಳಿದ್ದರು. ನಾನು ತಿನ್ನಿಸುತ್ತಿದ್ದೆ, ಅವಳು ನನ್ನ ಸೀರೆ ಮೇಲೆ ಉಗುಳುತ್ತಿದ್ದಳು.

"ಕೂಸಿಗಿಂತ ನಿನ್ನ ಸೀರೀನ ದಪ್ಪ ಆಗಾಕತ್ತೈತಿ ನೋಡು" ಎಂದು ಗಂಡ ಕಿಚಾಯಿಸಿದ. ಅವತ್ತು ಅವನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಕೂಸನ್ನು ತೂಗಿದರೆ ದೃಷ್ಟಿ ತಾಗುತ್ತದೆ ಎಂಬುದು ಅತ್ತೆಯ ಭಯ. ಅದಕ್ಕೇ ಅಂಗನವಾಡಿಗೆ ಹೋಗುವ ದಿನ ಬೆಳ್ಳಿ ಉಡಿದಾರ, ತಾಯತ, ಕಾಲ್ಗಡಗ ಎಲ್ಲ ಹೇರುತ್ತಿದ್ದರು. ಹಿಂದಿನ ತಿಂಗಳು ಹಾಗೆಯೇ ತೂಗಿದ್ದೂ ಆಗಿತ್ತು. ಈ ಸಲ ಹೊಸ ಟೀಚರು ಬಂದಿದ್ದರು.

"ಬೆಳ್ಳಿ ಎಲ್ಲಾ ತಗೀರಿ. ನಾನು ಕೂಸಿನ ತೂಕ ಬರಕೋಬೇಕು."

ಬೆಳ್ಳಿ ತೆಗೆದರೆ ತೂಕ ಇಳಿಯುವುದು ಖಂಡಿತ, ಆಸ್ಪತ್ರೆಯೂ ಖಂಡಿತ. ಅತ್ತೆ ಗೊಣಗುತ್ತ ಉಡಿದಾರ ಬಿಚ್ಚಿದರು, ತಾಯತ ಬಿಚ್ಚಿದರು, ಕಾಲ್ಗಡಗ ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. ಕೂಸು ಕಿಟಾರನೆ ಕಿರುಚಿತು.

ಅತ್ತೆ ಕಾಲು ಹಿಡಿದುಕೊಂಡೇ ನನ್ನತ್ತ ನೋಡಿದರು. "ಹೋದ ತಿಂಗಳ ಉದರಿ ಬೀಳತಿದ್ವು. ನೂಲು ಸುತ್ತಿ ನಿಲ್ಲಿಸಿದ್ದೆ. ಆ ನೂಲು ಹರದು ಹೋಗೇತಿ, ಆದ್ರೂ ಬರವಲ್ವು!"

ಸೋಪು ಹಚ್ಚಿ ಜಾರಿಸಿ ತೆಗೆದೆವು. ಬರಿಮೈಯ ಕೂಸು ಹಿಂದಿನ ತಿಂಗಳು ಬೆಳ್ಳಿ ಸಮೇತ ತೂಗಿದ್ದಕ್ಕಿಂತ ಹೆಚ್ಚು ತೂಗಿತು. ನಾನು ಅಲ್ಲೇ, ಎಲ್ಲರೆದುರು, ಗೊಳೋ ಎಂದು ಅತ್ತುಬಿಟ್ಟೆ.

ಮನೆಗೆ ಬಂದದ್ದೇ ಅತ್ತೆ ಕಾಡಿಗೆ ತಂದು ಕೂಸಿನ ಕೆನ್ನೆಗೆ, ಅಂಗಾಲಿಗೆ ಬೊಟ್ಟಿಟ್ಟರು. ಆಮೇಲೆ ಗೂಡಿನಲ್ಲಿದ್ದ ಔಷಧಿ ಸೀಸೆ ತೆಗೆದು ಅದಕ್ಕೂ ಒಂದು ದಪ್ಪ ಬೊಟ್ಟಿಟ್ಟು, ಸೆರಗಿನಲ್ಲಿ ಮುಚ್ಚಿ ಒಳಗಿಟ್ಟುಬಂದರು.

"ಓಣಿ ಮಂದಿ ಕಣ್ಣು ಭಾಳ ಕೆಟ್ಟದು" ಎಂದರು.