ಅತ್ತೆಯ ಖಾನಾವಳಿಗೆ ಹಾಕಿದ ಲೆಕ್ಕ

ಹಂಚಿನ ಮೇಲೆ ಜೋಳದ ಹಿಟ್ಟು ಸೀದ ವಾಸನೆ ನಿಮಗೆ ಹಿಡಿಸುತ್ತದೋ ಇಲ್ಲವೋ, ನನಗಂತೂ ಇಷ್ಟ. ಮೊನ್ನೆ ಬೆಟಗೇರಿಯ ಓಣಿಯೊಂದರಲ್ಲಿ ನಾನು ಕುಳಿತಿದ್ದ ಆಟೋ ಕೆಟ್ಟು ನಿಂತಿತು. ಆಟೋದವನು ಅದನ್ನು ಬೈಯುತ್ತ ಕೆಳಗಿಳಿದ. ಪಕ್ಕದ ಮನೆಯಿಂದ ಆ ವಾಸನೆ ಬಂತು. ಯಾರೋ ರೊಟ್ಟಿ ತಿರುವಿ ಹಾಕುವುದನ್ನು ಮರೆತು ಮಾತಿಗೆ ಕುಳಿತಿರಬೇಕು. ನನಗೆ ಸೋದರತ್ತೆಯ ಖಾನಾವಳಿ ನೆನಪಾಯಿತು, ಅದರ ಬೆನ್ನಿಗೇ ನಾನು ಅಲ್ಲಿ ಹಾಕಿದ ಲೆಕ್ಕವೂ.

ನಾನು ಗದಗಿನ ಕಾಲೇಜೊಂದರಲ್ಲಿ ಬಿ.ಕಾಂ. ಹುಡುಗರಿಗೆ ‘ವ್ಯವಹಾರ ನಿರ್ಧಾರಗಳಿಗೆ ಸಂಖ್ಯಾ ವಿಧಾನಗಳು’ ಎಂಬ ವಿಷಯ ಕಲಿಸುತ್ತೇನೆ. ಈ ಹೆಸರು ಕೇಳಿದವರು ಮುಂದೆ ಏನನ್ನೂ ಕೇಳುವುದಿಲ್ಲ. ಮದುವೆಮನೆಗಳಲ್ಲಿ ಇದರಿಂದ ನನಗೆ ಬಹಳ ಅನುಕೂಲವಾಗಿದೆ. ಕಲಿಸುವುದು ಇಷ್ಟೇ. ಒಬ್ಬ ವ್ಯಾಪಾರಿಯ ಮುಂದೆ ಎರಡು ದಾರಿಗಳಿವೆ. ವ್ಯಾಪಾರ ಚೆನ್ನಾಗಿ ನಡೆದರೆ, ಸಾಧಾರಣವಾಗಿ ನಡೆದರೆ, ಕೈಕೊಟ್ಟರೆ ಯಾವ ದಾರಿಯಲ್ಲಿ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಚೌಕಗಳಲ್ಲಿ ಬರೆದುಕೊಂಡು ಒಂದನ್ನು ಆರಿಸಬೇಕು. ಪುಸ್ತಕದ ಆ ವ್ಯಾಪಾರಿಗೆ ಹೆಸರಿಲ್ಲ, ಮೊಣಕಾಲು ನೋವಿಲ್ಲ, ಮೈದುನನೂ ಇಲ್ಲ. ನಮ್ಮ ಅತ್ತೆಗೆ ಎಲ್ಲವೂ ಇದ್ದವು.

ಗಂಡ ತೀರಿಕೊಂಡ ಮೇಲೆ ಅತ್ತೆ ಬೆಟಗೇರಿಯ ಮನೆಯ ಪಡಸಾಲೆಯಲ್ಲೇ ಖಾನಾವಳಿ ಶುರು ಮಾಡಿದಳು. ನೇಕಾರರು, ವರ್ಕ್‌ಶಾಪಿನವರು, ಸೀರೆ ಕೊಳ್ಳಲು ಬಂದ ಪರವೂರಿನವರು ಮಧ್ಯಾಹ್ನ ಅಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಅತ್ತೆಗೆ ಮನಸ್ಸು ಬಂದ ದಿನ ಸಿಹಿಗೆ ಒಂದಿಷ್ಟು ಮಾದೇಲಿ. ಮೊದಲ ದಿನಗಳಲ್ಲಿ ಜೋಳದ ಚೀಲ ತಂದು ಇಳಿಸಿದವನು, ಪಾತ್ರೆ ಕೊಡಿಸಿದವನು ಮೈದುನ ಈರಣ್ಣ. ಗದಗಿನ ಪೇಟೆಯಲ್ಲಿ ಕಾಳಿನ ವ್ಯಾಪಾರ ಅವನದು. ನನಗೆ ಈರಣ್ಣ ಮಾಮಾ. “ಅಣ್ಣಗ ಮಾತ ಕೊಟ್ಟೇನಿ” ಎನ್ನುತ್ತಿದ್ದ. ಆ ದಿನಗಳಲ್ಲಿ ಅತ್ತೆ ಅವನಿಗೆ ಎದುರಾಡಿದ್ದನ್ನು ನಾನು ಕಂಡವಳಲ್ಲ.

ಆ ಮಾಮಾ ಒಂದು ದಿನ ಲಕ್ಷ್ಮೇಶ್ವರದ ರಸ್ತೆಯಲ್ಲಿ ದೊಡ್ಡದೊಂದು ಜಾಗ ನೋಡಿ ಬಂದ. ಟೇಬಲ್ಲು, ಕುರ್ಚಿ, ದೀಪದ ಬೋರ್ಡು, ಕಾರು ನಿಲ್ಲಿಸಲು ಅಂಗಳ. ಬೆಟಗೇರಿಯದನ್ನು ಮುಚ್ಚಿ ಅಲ್ಲಿಗೆ ಹೋಗುವುದು ಅವನ ಯೋಚನೆ. ಅತ್ತೆಗೆ ಊಟ ಸೇರದಾಯಿತು. ಹೂಂ ಎಂದರೆ ಬದುಕು ಕೊಟ್ಟ ಪಡಸಾಲೆ ಬಿಡಬೇಕು, ಊಹೂಂ ಎಂದರೆ ಆಸರೆಯಾದವನ ಮನಸ್ಸು ಮುರಿಯಬೇಕು. ಕಡೆಗೆ ನನ್ನನ್ನು ಕರೆಸಿದಳು.

“ನೀ ಇದನ್ನ ಕಲಿಸಾಕಿ ಅಲ್ಲೇನ ಯವ್ವಾ? ಲೆಕ್ಕಾ ಹಾಕು. ಅದು ಹೆಂಗ ಹೇಳತೈತಿ ಹಂಗ ಮಾಡೂಣು. ತಪ್ಪು ನನ್ನ ಮ್ಯಾಲೂ ಬರೂದಿಲ್ಲ, ಅವರ ಮ್ಯಾಲೂ ಬರೂದಿಲ್ಲ.”

ನಾನು ಉಬ್ಬಿಹೋದೆ. ಅಷ್ಟು ವರ್ಷ ಕಲಿಸಿದ್ದನ್ನು ಬಳಸೋಣ ಎಂದು ಯಾರಾದರೂ ಕೇಳಿದ್ದು ಅದೇ ಮೊದಲು. ಭಾನುವಾರ ಗಿರಾಕಿಗಳೆಲ್ಲ ಎದ್ದುಹೋದ ಮೇಲೆ ಡ್ರಾಯಿಂಗ್ ಹಾಳೆ, ಬಣ್ಣದ ಪೆನ್ನುಗಳೊಂದಿಗೆ ಹಾಜರಾದೆ. ಗೆರೆ ಎಳೆಯುತ್ತಿದ್ದರೆ ಅತ್ತೆ, “ರಂಗೋಲಿ ಹಾಕ್ತಿ ಏನ?” ಎಂದಳು. ಮಾಮಾ ಮಾತ್ರ ಪರೀಕ್ಷೆಗೆ ಕುಳಿತವನ ಹಾಗೆ ಗಂಭೀರವಾಗಿದ್ದ.

ಪಡಸಾಲೆಯ ಸಾಲು ಬೇಗ ತುಂಬಿತು. ಹೊಸ ಜಾಗದ ಸಾಲಿನಲ್ಲಿ, ಚೆನ್ನಾಗಿ ನಡೆದರೆ ಎಂಬ ಚೌಕವನ್ನು ಅವನು ಧಾರಾಳವಾಗಿ ತುಂಬಿಸಿದ. ಸಾಧಾರಣ ಎಂಬುದರಲ್ಲೂ ಕೈ ಬಿಗಿ ಮಾಡಲಿಲ್ಲ. ಹೊಸ ಜಾಗವೇ ಮೇಲಾಗುವಂತೆ ಕಾಣುತ್ತಿತ್ತು. ಅತ್ತೆ ಸೆರಗಿನ ಅಂಚು ಹಿಂಡುತ್ತ ಕುಳಿತಳು. ನನಗೆ ಪಾಪ ಅನಿಸಿತು. ಆದರೆ ಅಂಕಿಗಳನ್ನು ನಾನು ತಿದ್ದುವ ಹಾಗಿರಲಿಲ್ಲ. ಉಳಿದದ್ದು ಒಂದೇ ಚೌಕ: ಹೊಸ ಜಾಗ, ವ್ಯಾಪಾರ ಕೈಕೊಟ್ಟರೆ.

“ಅದನ್ನ ಬಿಡು. ಅಪಶಕುನ ಯಾಕ?” ಎಂದ ಮಾಮಾ.

“ಖಾಲಿ ಬಿಡಾಕ ಬರೂದಿಲ್ರಿ ಮಾಮಾ. ಅದನ್ನ ಬಿಟ್ರ ಲೆಕ್ಕಾನ ಅಲ್ಲ,” ಎಂದೆ. ಕ್ಲಾಸಿನ ದನಿ ಬಂದುಬಿಟ್ಟಿತ್ತು.

ಅವನು ತಲೆ ಕೆರೆದುಕೊಂಡ. ಬಾಗಿಲ ಕಡೆ ನೋಡಿದ. “ಬರಕೋ ಹಂಗಾರ. ಮುಂಡರಗಿ ಪ್ಲಾಟ್ ಹೋಗತೈತಿ.”

“ಯಾವ ಪ್ಲಾಟ್?” ಅತ್ತೆ ತಲೆ ಎತ್ತಿದಳು.

“ನಂದ ರೀ ವೈನಿ. ಅದನ್ನ ಮಾರಿ ಡಿಪಾಜಿಟ್ ಕೊಡಬೇಕಂತ ಮಾಡೇನಿ.”

ಮುಂದೆ ಮನೆ ಕಟ್ಟಿಸಲೆಂದು ಅವನು ಇಟ್ಟುಕೊಂಡಿದ್ದ ಒಂದೇ ಒಂದು ಜಾಗ ಅದು. ಅತ್ತೆ ಹಾಳೆಯನ್ನು ಬದಿಗೆ ಸರಿಸಿದಳು. “ಇಷ್ಟ ಮಾಡ್ರಿ ಅಂತ ನಿಮಗ ಯಾರ ಹೇಳಿದ್ರು?”

“ನೀವ ಅಂದಿದ್ರಿ, ಮೊಣಕಾಲ ನೋವು, ನೆಲದ ಮ್ಯಾಲ ಕುಂತು ರೊಟ್ಟಿ ಬಡಿಯಾಕ ಆಗವಲ್ದು ಅಂತ. ಅಣ್ಣ ಇದ್ದಿದ್ರ ಸುಮ್ನ ಕುಂಡ್ರತಿದ್ದನೇನ್ರಿ?”

“ಒಲಿ ಎತ್ತರ ಮಾಡಿದ್ರ ಸಾಕಿತ್ತಲ್ರಿ.”

ಮಾಮಾ ಆಕೆಯನ್ನೇ ನೋಡಿದ. “ಹಂಗಂದ್ರ ನಿಮಗ ಆ ಜಾಗಾ ಬ್ಯಾಡೇನ್ರಿ?”

“ಬ್ಯಾಡ್ರಿ,” ಎಂದಳು ಅತ್ತೆ. ಎಂದವಳು ಬಾಯಿಗೆ ಸೆರಗು ಹಚ್ಚಿಕೊಂಡಳು.

ಮಾಮಾ ಗೋಡೆಗೆ ಒರಗಿ ಕಾಲು ಚಾಚಿದ. “ಬದುಕಿದ್ನಿ ವೈನಿ. ಪ್ಲಾಟ್ ನೋಡಾಕ ಮಂದಿ ಬರಾಕತ್ತಾಗಿಂದ ನನಗೂ ಜೀವಕ್ಕ ಸಮಾಧಾನ ಇದ್ದಿದ್ದಿಲ್ಲ,” ಎಂದ. ಅತ್ತೆ ಮೊದಲು ಅತ್ತಳು, ಆಮೇಲೆ ನಗತೊಡಗಿದಳು. ಅವರಿಬ್ಬರ ನಗೆ ಕಂಡು ನನ್ನ ಎದೆಯ ಭಾರವೂ ಇಳಿಯಿತು. ಹೆದರುವವರಿಗೂ ಪುಸ್ತಕದಲ್ಲಿ ಒಂದು ನಿಯಮವಿದೆ: ಪ್ರತಿ ದಾರಿಯ ಅತಿ ಕೆಟ್ಟ ಫಲವನ್ನು ನೋಡಿ, ಅವುಗಳಲ್ಲಿ ಕಡಿಮೆ ಕೆಟ್ಟದ್ದನ್ನು ಆರಿಸಿಕೊಳ್ಳುವುದು. ಅದನ್ನು ವಿವರಿಸಲು ನಾನು ಬಾಯಿ ತೆರೆದೆ. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅತ್ತೆ ಚಹಾ ಇಡಲು ಎದ್ದಳು. ಮಾಮಾ ಗೌಂಡಿಯವನಿಗೆ ಫೋನು ಹಚ್ಚಿದ, ಒಲೆಯ ಕಟ್ಟೆ ಎತ್ತರಿಸಲು.

ಅಂದಿನಿಂದ ಕ್ಲಾಸಿನಲ್ಲಿ ನಾನು ಕೈಕೊಟ್ಟರೆ ಎಂಬ ಚೌಕವನ್ನೇ ಮೊದಲು ತುಂಬಿಸುತ್ತೇನೆ. ಹುಡುಗರು ನನ್ನನ್ನು ಅಂಜುಬುರುಕಿ ಎಂದುಕೊಂಡರೂ ಚಿಂತೆಯಿಲ್ಲ.

ಮೊನ್ನೆ ಆಟೋ ಸರಿಹೋಗುವ ಲಕ್ಷಣ ಕಾಣದೆ, ನಡೆದುಕೊಂಡೇ ಅತ್ತೆಯ ಮನೆಗೆ ಹೋದೆ. ಮಾಮಾ ಅಲ್ಲೇ ಇದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ಊಟದ ನಡುವೆ ಹೊಸ ವಿಚಾರ ತೆಗೆದ.

“ವೈನಿ, ಮ್ಯಾಲೊಂದು ಮಾಳಗಿ ಎಬ್ಬಸೂಣೇನ್ರಿ? ಗಿರಾಕಿ ಹೆಚ್ಚಾಗತಾವು.”

“ಬ್ಯಾಡ್ರಿ,” ಎಂದಳು ಅತ್ತೆ, ಅವನ ತಟ್ಟೆಗೆ ಪಲ್ಯ ಬಡಿಸುತ್ತ.

“ಆತ್ ಬಿಡ್ರಿ,” ಎಂದು ಅವನು ರೊಟ್ಟಿ ಮುರಿದ.

ಅಷ್ಟೇ. ನನ್ನ ವಿದ್ಯೆಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ನಿರಾಳವಾಗಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.