ಪಕ್ಕದಿಂದ ಬರುವ ಬೆರಳು

ಮಂಡ್ಯದಲ್ಲಿ ನನ್ನದು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ಅಂಗಡಿ. ಯಾರೇ ಬರಲಿ, ಏನೇ ಹೇಳಲಿ, ಕ್ರಮ ಒಂದೇ: ಮೊದಲು ಟಾರ್ಚು, ಆಮೇಲೆ ಗೋಡೆಯ ಅಕ್ಷರ, ಕೊನೆಗೆ ಬೆರಳು. ಎದುರು ಕೂತವರು ನನ್ನ ಮೂಗನ್ನೇ ನೋಡುತ್ತಿರಬೇಕು. ನಾನು ಅವರ ಕಿವಿಯ ಪಕ್ಕದಿಂದ ಬೆರಳಾಡಿಸುತ್ತ ಮುಂದಕ್ಕೆ ತರುತ್ತೇನೆ. ಕಂಡ ಕೂಡಲೇ ಹೇಳಬೇಕು. ಕಲಿಸಿದ ಮೇಷ್ಟ್ರು ಈ ಕ್ರಮ ತಪ್ಪಿದವರನ್ನು ಹೊರಗೆ ನಿಲ್ಲಿಸುತ್ತಿದ್ದರು.

ದುದ್ದದ ಕಡೆಯ ಆಲೆಮನೆಯೊಂದರಲ್ಲಿ ಬೆಲ್ಲ ಕಾಯಿಸುವಾತ ಹೆಂಡತಿಯೊಡನೆ ಬಂದ.

"ಕತ್ಲಾದ್ಮೇಲೆ ಎಡವ್ತೀನಿ ಸಾ. ಒಂದ್ ಕನ್ನಡ್ಕ ಕೊಟ್ಬುಡಿ, ಓಯ್ತೀನಿ."

ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಸರಾಗವಾಗಿ ಓದಿದ. ಹೆಂಡತಿ ನಕ್ಕಳು. "ನಾನೇಳ್ಲಿಲ್ವ, ಕಣ್ಣು ಚೆಂದಾಗೈತೆ ಅಂತ? ನಂಗಾದ್ರೆ ಬಸ್ಸು ಫ್ರೀ, ನಿಮ್ದು ಸುಮ್ಕೆ ದಂಡ."

ಬೆರಳು ತಂದೆ. ಕಿವಿಯ ಪಕ್ಕ ಕಾಣಲಿಲ್ಲ, ಕೆನ್ನೆಯ ಪಕ್ಕ ಕಾಣಲಿಲ್ಲ. ಮೂಗಿನ ಹತ್ತಿರ ಬಂದಾಗ "ಆ, ಬಂತು" ಎಂದ. ಕಣ್ಣಿನ ಒತ್ತಡ ಅಳೆದೆ, ವಿಪರೀತ ಏರಿತ್ತು.

"ಕಣ್ಣಿಗೇನಾದ್ರೂ ಹಾಕ್ಕೋತೀಯೇನಪ್ಪ?"

ಅಂಗಿಯ ಜೇಬಿನಿಂದ ಡ್ರಾಪ್ಸಿನ ಸೀಸೆ ತೆಗೆದ. ಸ್ಟೆರಾಯ್ಡ್.

"ಒಲೆ ಒಗೆಗೆ ಉರೀತದೆ ಸಾ. ಯಾವಾಗ್ಲೋ ಡಾಕ್ಟ್ರು ಬರ್ಕೊಟ್ಟಿದ್ರು. ಈಗ ಖಾಲಿ ಸೀಸೆ ತೋರ್ಸುದ್ರೆ ಮೆಡಿಕಲ್ನೋರೇ ಕೊಡ್ತಾರೆ. ಒಂದ್ ತೊಟ್ಟು ಬುಟ್ರೆ ತಣ್ಣಗಾಯ್ತದೆ."

"ಮಗಳ ಮದ್ವೆಗೂ ಮುಂಚಿಂದ ಬುಟ್ಕತಾವ್ರೆ" ಎಂದಳು ಹೆಂಡತಿ.

ತಣ್ಣಗೆ ಮಾಡಿದ ಆ ಔಷಧಿಯೇ ಒತ್ತಡ ಏರಿಸಿ ಕಣ್ಣಿನ ನರವನ್ನು ಒಣಗಿಸಿದೆ ಎಂದು ಹೇಳಿದೆ. ಪಕ್ಕದ ನೋಟ ಹೋದದ್ದು ಹೋಯಿತು, ಅದಕ್ಕೆ ಕನ್ನಡಕವಿಲ್ಲ, ಉಳಿದಷ್ಟನ್ನು ಕಾಪಾಡಿಕೊಳ್ಳಬೇಕು. ಸೀಸೆಯನ್ನು ನನ್ನಲ್ಲೇ ಇಟ್ಟುಕೊಂಡು, ಅಂದೇ ಕಣ್ಣಿನ ಡಾಕ್ಟರ ಬಳಿಗೆ ಕಳಿಸಿದೆ.

ಕೆಲವು ತಿಂಗಳ ಮೇಲೆ ಇಬ್ಬರೂ ಮತ್ತೆ ಬಂದರು. ಆಲೆಮನೆಯಲ್ಲಿ ಪಕ್ಕದಿಂದ ಬರುತ್ತಿದ್ದ ಆಳು ಕಾಣದೆ ಈತ ಡಿಕ್ಕಿ ಹೊಡೆದಿದ್ದ. ಕುದಿಯುವ ಪಾಕ ಆ ಆಳಿನ ಪಾದದ ಮೇಲೆ ಚೆಲ್ಲಿತ್ತು. ಕಣ್ಣು ಸರಿಯಿದೆ ಎಂಬ ಚೀಟಿ ತಾರದೆ ಕೊಪ್ಪರಿಗೆಯ ಹತ್ತಿರ ಬರಬೇಡ ಎಂದಿದ್ದ ಯಜಮಾನ.

"ಬರ್ಕೊಡಿ ಸಾ. ಬ್ಯಾರೆ ಕೆಲ್ಸ ನಂಗೆ ಬರಾಕಿಲ್ಲ."

ಕ್ರಮದಂತೆ ನಡೆದೆ. ಬೆರಳು ಇನ್ನೂ ಕಿವಿಯ ಪಕ್ಕದಲ್ಲೇ ಇತ್ತು, "ಕಂಡ್ತು" ಎಂದ. ಇನ್ನೊಂದು ಕಡೆಯೂ "ಕಂಡ್ತು". ಪ್ರತಿ ಸಲವೂ ಅದಕ್ಕೆ ಮುಂಚೆ ನನ್ನ ಬೆನ್ನ ಹಿಂದೆ ಹೆಂಡತಿ ಮೆಲ್ಲಗೆ ಕೆಮ್ಮುತ್ತಿದ್ದಳು.

"ನೀನು ಸ್ವಲ್ಪ ಹೊರಗಿರಮ್ಮ" ಎಂದೆ. ಅವಳು ತಲೆ ತಗ್ಗಿಸಿ ಹೋದಳು.

ಮತ್ತೆ ಎದುರು ಕೂತೆ. ಆತ ನನ್ನ ಮೂಗನ್ನೇ ದಿಟ್ಟಿಸುತ್ತಿದ್ದ, ಹಣೆ ಬೆವರಿತ್ತು. ಸ್ವಲ್ಪ ಹೊತ್ತು ಕಾದು, "ಕಂಡ್ತು ಸಾ" ಎಂದ. "ಬಲಗಡೆ." ಆಮೇಲೆ, "ಈಗ ಎಡಗಡೆ."

ನನ್ನ ಎರಡೂ ಕೈ ತೊಡೆಯ ಮೇಲಿದ್ದವು.

ಚೀಟಿ ಬರೆಯಲಿಲ್ಲ. ಆತ ಎದ್ದ. ಹೋಗುವಾಗ ಬಾಗಿಲ ಪಕ್ಕದ ಸ್ಟೂಲಿಗೆ ಮೊಣಕಾಲು ತಾಗಿಸಿಕೊಂಡ. ಹೆಂಡತಿ ತೋಳು ಹಿಡಿದು ಈಚೆಗೆ ಎಳೆದುಕೊಂಡಳು.

"ಬನ್ನಿ, ಬಸ್ಸು ಒಂಟೋಯ್ತದೆ" ಎಂದಳು.