ಗಾಳಿಗೆ ತಿರುಗಿದ ಎದುರುಮನೆ

“ನಿಮ್ದೇ ಬಟ್ಲು, ತಗೋರಿ!” ಎನ್ನುತ್ತ ಅಮ್ಮ ಬಿಸಿ ಮಿರ್ಚಿ ನೀಡಿದಳು. ಎದುರಿನ ಹಾಯಿದೋಣಿಯಿಂದ ಅವಳು ಕೈಬೀಸಿ ಕರೆಸಿಕೊಂಡಿದ್ದ ಗಡ್ಡದ ವಿದೇಶಿಗ ಗಲಿಬಿಲಿಯಲ್ಲೇ ಒಂದನ್ನು ಕಚ್ಚಿದ. ಕಣ್ಣಲ್ಲಿ ನೀರು ಬಂತು.

ಅಂಡಮಾನಿನಲ್ಲಿ ಲಂಗರು ಹಾಕಿ ಹಾಯಿದೋಣಿಯಲ್ಲೇ ವಾಸವಿರುವ ತಮ್ಮನನ್ನು ನೋಡಲು ನಾವು ದಾವಣಗೆರೆಯಿಂದ ಹೋಗಿದ್ದೆವು. ಸುತ್ತ ಅಂಥವೇ ದೋಣಿಮನೆಗಳು. ಬೆಳಿಗ್ಗೆ ಎದುರು ದೋಣಿಯ ಅಜ್ಜಿಯೊಬ್ಬಳು ಬಟ್ಟಲು ತುಂಬ ಪಪ್ಪಾಯಿ ಕೊಟ್ಟುಹೋಗಿದ್ದಳು. ಆ ಬಟ್ಟಲನ್ನು ಖಾಲಿ ಹಿಂದಿರುಗಿಸಿದರೆ ಊರಲ್ಲಿನ ನಮ್ಮ ಬಡಾವಣೆ ವಿನೋಬನಗರದ ಮಾನ ಏನಾಗಬೇಕು? ಸಂಜೆ ಅಮ್ಮ ಬಾಣಲೆ ಇಟ್ಟಿದ್ದಳು.

ಗಡ್ಡದವನು ಬಟ್ಟಲು ಸಮೇತ ಹೊರಟ ಮೇಲೆ ನೋಡಿದರೆ, ಅಜ್ಜಿ ನಮ್ಮ ಬೆನ್ನಹಿಂದಿನ ದೋಣಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಳೆ!

ತಮ್ಮ ಬಿದ್ದು ಬಿದ್ದು ನಕ್ಕ. “ಗಾಳಿ ತಿರುಗೈತೆ ಕಣಮ್ಮ. ಲಂಗರು ಹಾಕಿದ ದೋಣಿ ಎಲ್ಲಾ ಗಾಳಿ ಬಂದ ಕಡೆಗೇ ಮುಖ ಮಾಡ್ತಾವೆ. ನಮ್ದೂ ತಿರುಗ್ತು, ಎದುರುಮನೆ ಹಿತ್ಲಿಗೆ ಹೋತು.”

ಅಮ್ಮ ನಗಲಿಲ್ಲ. ತಮ್ಮನನ್ನು ಅಟ್ಟಿ ಬಟ್ಟಲು ತರಿಸಿ, ಮತ್ತೆ ಹಿಟ್ಟು ಕಲಸಿದಳು.

ಈಗ ಊರಲ್ಲಿ ಎದುರುಮನೆಯವರ ಜೊತೆ ನಲ್ಲಿ ನೀರಿಗೆ ಜಗಳವಾದಾಗಲೆಲ್ಲ ಅಮ್ಮ ದಢಾರನೆ ಬಾಗಿಲು ಹಾಕಿ ಗೊಣಗುತ್ತಾಳೆ: “ಎಷ್ಟು ಗಾಳಿ ಬೀಸಿದ್ರೇನು, ಈ ಮನೆ ಒಂದಿಂಚೂ ತಿರುಗಲ್ಲ!”